ಇಳಿದು ನೋಡಿದ ದಾರಿಗಳು

ಗಾಜನೂರಿನವನು ಅಂದ ಕೂಡಲೇ ಬೆಂಗಳೂರಿನವರು ರಾಜಕುಮಾರ್ ಮನೆ ನಿಮ್ಮ ಮನೆಗೆ ಹತ್ತಿರವಾ ಎಂದು ಕೇಳುತ್ತಾರೆ. ಆ ಗಾಜನೂರು ತಾಳವಾಡಿ ಕಡೆಯದು, ತಮಿಳುನಾಡಿನ ಗಡಿಯೊಳಗಿದೆ. 2000ನೇ ಇಸವಿಯ ಜುಲೈ ಕೊನೆಗೆ ವೀರಪ್ಪನ್ ಅಣ್ಣಾವ್ರನ್ನು ಅಪಹರಿಸಿದಾಗ ನಮ್ಮ ದೂರದ ನೆಂಟರೊಬ್ಬರು ಗಾಬರಿಬಿದ್ದು ನಮ್ಮ ಮನೆಗೇ ಫೋನು ಮಾಡಿ, "ಊರ ತುಂಬ ಪೊಲೀಸರು ಇದಾರಂತಲ್ಲ?" ಎಂದು ವಿಚಾರಿಸಿದ್ದರು. ನಮ್ಮದು ತುಂಗಾ ತೀರದ ಗಾಜನೂರು. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆ ಹಿಡಿದರೆ ಅಣೆಕಟ್ಟು, ನವೋದಯ ಶಾಲೆ, ಅಲ್ಲಿಂದ ತುಸು ದೂರಕ್ಕೆ ಸಕ್ರೆಬೈಲಿನ ಆನೆ ಬಿಡಾರ. ಹೀಗೆ ಹೋಗುವಾಗ ಎಡಕ್ಕೆ ಹೊಳೆ, ಬಲಕ್ಕೆ ಕಾಡು. ಆ ಬಲಗಡೆಯ ಕಾಡಿನಲ್ಲಿ ನಾನು ಜೀಪು ಕಲಿತೆ.

ಜೀಪು ಚಿಕ್ಕಪ್ಪನದು. ಯಾವುದೋ ಹರಾಜಿನಲ್ಲಿ ಯಾರೋ ಕೊಂಡು, ಅವರಿಂದ ಇನ್ಯಾರೋ ಕೊಂಡು, ಕೊನೆಗೆ ನಮ್ಮ ಅಂಗಳಕ್ಕೆ ಬಂದು ನಿಂತ ಹಳೇ ಮಹೀಂದ್ರ. ಎರಡನೇ ಮಹಾಯುದ್ಧದಲ್ಲಿ ಓಡಾಡಿದ ವಿಲ್ಲೀಸ್ ಜೀಪನ್ನು ಮಹೀಂದ್ರದವರು ಆಮೇಲೆ ಮುಂಬಯಿಯಲ್ಲಿ ಜೋಡಿಸಲು ಶುರುಮಾಡಿದರು. ನಮ್ಮದು ಆ ವಂಶದ ಕೊಂಬೆ. ಪೆಟ್ರೋಲ್ ಎಂಜಿನ್ನನ್ನು ಹಿಂದಿನ ಯಜಮಾನನೇ ಕಿತ್ತು ಡೀಸೆಲ್ ಕೂರಿಸಿದ್ದ. ಬಾಗಿಲಿಲ್ಲ, ಮಳೆಗಾಲಕ್ಕೆ ಮಾತ್ರ ಪಕ್ಕಕ್ಕೆ ಟಾರ್ಪಾಲು. ದೊಡ್ಡ ಗೇರಿನ ಪಕ್ಕದಲ್ಲಿ ಎರಡು ಸಣ್ಣ ಕಡ್ಡಿ. ಒಂದನ್ನು ದೂಡಿದರೆ ಮುಂದಿನ ಚಕ್ರಗಳಿಗೂ ಎಂಜಿನ್ನಿನ ಶಕ್ತಿ ಹೋಗುತ್ತದೆ. ಇನ್ನೊಂದನ್ನು ಎಳೆದರೆ ಗಾಡಿ ಸುಮಾರು ಎರಡೂವರೆ ಪಟ್ಟು ನಿಧಾನವಾಗುತ್ತದೆ, ಅಷ್ಟೇ ಪಟ್ಟು ಬಲ ಹೆಚ್ಚುತ್ತದೆ. ನಮ್ಮ ಕಡೆ ಡ್ರೈವರುಗಳು ಇದಕ್ಕೆ ಸಣ್ಣ ಗೇರು ಅನ್ನುತ್ತಿದ್ದರು. "ಸಣ್ಣ ಗೇರಿಗೆ ಹಾಕಿ ಕಾಲು ತೆಗಿ, ಅದರ ಪಾಡಿಗೆ ಅದು ಹತ್ತತ್ತೆ" ಎಂಬುದು ಚಿಕ್ಕಪ್ಪ ನನಗೆ ಹೇಳಿದ ಮೊದಲ ಪಾಠ. ಕಾಲು ತೆಗೆಯುವುದು ಎಷ್ಟು ಕಷ್ಟ ಎಂದು ಗೊತ್ತಾಗಲು ವರ್ಷಗಳೇ ಹಿಡಿದವು. ಏರು ಕಂಡರೆ ಆಕ್ಸಿಲರೇಟರ್ ಒತ್ತಬೇಕೆಂಬುದು ಹುಟ್ಟುಗುಣ.

ಆ ಜೀಪನ್ನು ಮೋಜಿಗೆ ಯಾರೂ ಓಡಿಸಲಿಲ್ಲ. ಅಡಿಕೆ ಮೂಟೆ, ಗೊಬ್ಬರ, ಸೌದೆ, ಸೊಸೈಟಿಯ ಅಕ್ಕಿ, ಮದುವೆ ದಿಬ್ಬಣ, ಯಕ್ಷಗಾನದವರ ಪೆಟ್ಟಿಗೆ, ಕೊನೆಗೊಮ್ಮೆ ಚುನಾವಣೆಯ ಮತಪೆಟ್ಟಿಗೆ. ಮತ್ತೆ ರೋಗಿಗಳು. ಗಾಜನೂರಿನ ಬೆನ್ನಿಗಿರುವ ಶೆಟ್ಟಿಹಳ್ಳಿ ಕಾಡಿನೊಳಗೆ ಶರಾವತಿ ಮುಳುಗಡೆಯ ಜನ ಇದ್ದಾರೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದಕ್ಕೂ ಮೊದಲೇ ಮನೆಮಠ ಕಳೆದುಕೊಂಡವರನ್ನು ಲಾರಿಗಳಲ್ಲಿ ತಂದು ಇಲ್ಲಿ ಇಳಿಸಿದರು. ಹತ್ತು ವರ್ಷ ಕಳೆದು 1974ರಲ್ಲಿ ಅದೇ ಕಾಡು ಅಭಯಾರಣ್ಯವಾಯಿತು. ನಾಡಿಗೆ ಬೆಳಕು ಬರಲೆಂದು ಊರು ಬಿಟ್ಟವರ ಮನೆಗೆ ಕರೆಂಟು ಬರಲಿಲ್ಲ, ಅಭಯಾರಣ್ಯವಾದ್ದರಿಂದ ಡಾಂಬರೂ ಬರಲಿಲ್ಲ. ಜೂನ್ ತಿಂಗಳಿಂದ ಅಕ್ಟೋಬರ್ ತನಕ ಅವರಿಗೂ ಶಿವಮೊಗ್ಗಕ್ಕೂ ನಡುವೆ ಇದ್ದದ್ದು ಕೆಸರು. ಹೆರಿಗೆಗೋ ಹಾವು ಕಚ್ಚಿದ್ದಕ್ಕೋ ಮೆಗ್ಗಾನ್ ಆಸ್ಪತ್ರೆ ಸೇರಬೇಕಾದರೆ ಕಂಬಳಿ ಜೋಲಿ, ಇಲ್ಲವೇ ಜೀಪು. ಬೇಸಿಗೆಯಲ್ಲಿ ಮಂಗನ ಕಾಯಿಲೆಯ ಭಯ ಬೇರೆ. ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ರೋಗ ಅದು. ಜ್ವರ ಅಂದರೆ ಸಾಕು, ನಡುರಾತ್ರಿಯಲ್ಲೂ ಬಂದು ಚಿಕ್ಕಪ್ಪನ ಕದ ತಟ್ಟುತ್ತಿದ್ದರು. ಬಾಡಿಗೆ ಎಷ್ಟೋ ಸಲ ಅಡಿಕೆ ಕೊಯ್ಲು ಮುಗಿದ ಮೇಲೆ ಬರುತ್ತಿತ್ತು, ಎಷ್ಟೋ ಸಲ ಜೇನುತುಪ್ಪವಾಗಿ ಬರುತ್ತಿತ್ತು.

ಮಳೆಗಾಲದ ಆ ಪ್ರಯಾಣಗಳಲ್ಲಿ ನಾನು ಕ್ಲೀನರ್. ಕೆಲಸ ಮುಖ್ಯವಾಗಿ ಚೈನ್ ಹಾಕುವುದು. ಹಿಂದಿನ ಎರಡೂ ಚಕ್ರಕ್ಕೆ ಕಬ್ಬಿಣದ ಸರಪಳಿ ಸುತ್ತಬೇಕು. ಸರಪಳಿಯನ್ನು ಕೆಸರಿನ ಮೇಲೆ ಉದ್ದಕ್ಕೆ ಹಾಸಿ, ಸಿಕ್ಕು ಬಿಡಿಸಿ, ಜೀಪನ್ನು ಅದರ ಮೇಲೆ ಒಂದಡಿ ಹತ್ತಿಸಿ, ತುದಿಗಳನ್ನು ಚಕ್ರದ ಮೇಲೆ ಎಳೆದು ಕೊಂಡಿ ಸಿಕ್ಕಿಸಬೇಕು. ಕೊಂಡಿ ಸಿಕ್ಕಿಸುವ ಜಾಗ ಯಾವಾಗಲೂ ಒಳಬದಿಯಲ್ಲೇ. ಅಲ್ಲಿಗೆ ಕೈ ತೂರಿಸಲು ಹೊಟ್ಟೆಯ ಮೇಲೆ ಮಲಗಬೇಕು. ಸಡಿಲ ಬಿಟ್ಟರೆ ಸರಪಳಿ ಬಿಚ್ಚಿಕೊಂಡು ಬ್ರೇಕಿನ ಪೈಪಿಗೆ ಹೊಡೆಯುತ್ತದೆ. ಬಿಗಿಯಾಯಿತೇ ಎಂದು ಚಿಕ್ಕಪ್ಪ ಬ್ಯಾಟರಿ ಹಾಕಿ ನೋಡಿ, ಒಂದು ಸಲ ಒದ್ದು, "ಹ್ಞೂ" ಅಂದರೆ ಮುಗಿಯಿತು. ಅಷ್ಟರೊಳಗೆ ಕಾಲಿನ ಸಂದಿಗೆಲ್ಲ ಉಂಬಳ ಹತ್ತಿರುತ್ತಿದ್ದವು. ಹೊಗೆಸೊಪ್ಪಿನ ನೀರು ಹಚ್ಚಿದರೂ ಹತ್ತುವ ಉಂಬಳ ಹತ್ತುತ್ತಲೇ ಇತ್ತು. ಆ ಔಷಧಿಯ ಮೇಲೆ ನನಗೆ ಈಗಲೂ ನಂಬಿಕೆಯಿಲ್ಲ.

ನಮ್ಮ ಜೀಪಿನ ಟಯರು ಕಿರಿದು, ಆರಿಂಚು ಅಗಲದ್ದು. ಈಗಿನ ಅಗಲ ಟಯರಿನವರು ನೋಡಿದರೆ ನಗುತ್ತಾರೆ. ಆದರೆ ಮಲೆನಾಡಿನ ಕೆಸರಿನ ಗುಣ ಬೇರೆ. ಮೇಲೆ ಒಂದೋ ಎರಡೋ ಅಡಿ ಜಾರುಮಣ್ಣು, ಅದರ ಕೆಳಗೆ ಗಟ್ಟಿ ಜಂಬಿಟ್ಟಿಗೆ. ಕಿರಿದಾದ ಚಕ್ರ ಕೆಸರನ್ನು ಸೀಳಿಕೊಂಡು ಹೋಗಿ ಅಡಿಯ ಗಟ್ಟಿ ನೆಲಕ್ಕೆ ಕಾಲೂರುತ್ತದೆ. ಅಗಲದ್ದು ಕೆಸರಿನ ಮೇಲೇ ತೇಲಿ ಪಕ್ಕದ ದರೆಗೆ ಜಾರುತ್ತದೆ. ಇದನ್ನು ಯಾರೂ ನನಗೆ ವಿವರಿಸಿ ಹೇಳಲಿಲ್ಲ. ಅರಬ್ಬರ ನಾಡಿಗೆ ಹೋಗಿ ಇದರ ತದ್ವಿರುದ್ಧವನ್ನು ನೋಡಿದ ಮೇಲೆಯೇ ಹೊಳೆದದ್ದು.

ಹಳ್ಳ ದಾಟುವುದಕ್ಕೆ ಚಿಕ್ಕಪ್ಪನದೊಂದು ಪದ್ಧತಿ ಇತ್ತು. ಎಷ್ಟೇ ಅವಸರವಿದ್ದರೂ, ಹಿಂದಿನ ಸೀಟಿನಲ್ಲಿ ಯಾರು ಎಷ್ಟೇ ನರಳುತ್ತಿದ್ದರೂ ಜೀಪು ನಿಲ್ಲಿಸಿ ಇಳಿಯುತ್ತಿದ್ದರು. ಪಂಚೆ ಎತ್ತಿಕಟ್ಟಿ, ಕೈಯಲ್ಲೊಂದು ದೊಣ್ಣೆ ಹಿಡಿದು ಆಚೆ ದಡದ ತನಕ ನಡೆದುಹೋಗಿ, ಮತ್ತೊಂದು ಸಾಲಿನಲ್ಲಿ ವಾಪಸು ಬರುತ್ತಿದ್ದರು. ಹೋಗುವಾಗ ಎಡಚಕ್ರದ ದಾರಿ, ಬರುವಾಗ ಬಲಚಕ್ರದ್ದು. ನೀರು ಮಂಡಿಗಿಂತ ಮೇಲೆ ಬಂದರೆ ಫ್ಯಾನ್ ಬೆಲ್ಟು ಬಿಚ್ಚಬೇಕು, ಇಲ್ಲದಿದ್ದರೆ ಫ್ಯಾನು ನೀರನ್ನೆತ್ತಿ ಎಂಜಿನ್ ಮೇಲೆಲ್ಲ ಎರಚುತ್ತದೆ. ನೀರಿನ ಬಣ್ಣ ಕೆಂಪಾಗಿದ್ದು ಮೇಲೆ ತರಗೆಲೆ ಬರುತ್ತಿದ್ದರೆ ದಾಟುವ ಮಾತೇ ಇಲ್ಲ, ಮೇಲೆಲ್ಲೋ ಈಗಷ್ಟೇ ಮಳೆ ಹೊಡೆದಿದೆ ಎಂದರ್ಥ. ಅರ್ಧ ಗಂಟೆ ಕಾಯಬೇಕು. ಒಮ್ಮೆ ರೋಗಿಯ ಮಗ ತಡೆಯಲಾರದೆ, "ಹೊಡೀರಿ ಮಾರಾಯ್ರೆ, ಏನಾದ್ರೂ ಆಗ್ಲಿ" ಅಂದುಬಿಟ್ಟ. ಚಿಕ್ಕಪ್ಪ ಬೀಡಿ ಹಚ್ಚಿಕೊಂಡು, "ಏನಾದ್ರೂ ಆಗೋದು ನಿಮ್ಮಪ್ಪನಿಗಲ್ಲ, ಐದು ಜನಕ್ಕೆ" ಎಂದರು. ಕಾದೆವು. ಮುಂಜಾವಕ್ಕೆ ಆಸ್ಪತ್ರೆ ಸೇರಿದೆವು. ಆ ರೋಗಿ ಆಮೇಲೂ ಬಹುಕಾಲ ಬದುಕಿದ್ದು, ಚಿಕ್ಕಪ್ಪನ ನಿಧಾನವನ್ನು ಕಂಡಕಂಡಲ್ಲಿ ಆಡಿಕೊಳ್ಳುತ್ತಿದ್ದರು.

ಜೀಪಿಗೆ ಪೆಟ್ಟು ಬೀಳುತ್ತಿದ್ದದ್ದು ಸ್ಪ್ರಿಂಗ್ ಪಟ್ಟಿಗಳಿಗೆ. ಪಟ್ಟಿ ಮುರಿದರೆ ಶಿವಮೊಗ್ಗದಲ್ಲಿ ಹೊಸದು ಸಿಗುತ್ತಿತ್ತು, ಆದರೆ ಚಿಕ್ಕಪ್ಪ ಭದ್ರಾವತಿಗೇ ಹೋಗಬೇಕು. ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಕಲಿತು ನಿವೃತ್ತರಾದವರೊಬ್ಬರು ಹಳೇ ನಗರದ ಕಡೆ ಸಣ್ಣದೊಂದು ಕುಲುಮೆ ಇಟ್ಟುಕೊಂಡಿದ್ದರು. ಪಟ್ಟಿಯನ್ನು ಕೆಂಪಗೆ ಕಾಯಿಸಿ, ಬಡಿದು ಬಿಲ್ಲು ಕೂರಿಸಿ, ಎಣ್ಣೆಯಲ್ಲಿ ಅದ್ದಿ ಮತ್ತೆ ಹದ ಮಾಡಿ ಕೊಡುತ್ತಿದ್ದರು. ಹದ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರೆ ಬಣ್ಣ ನೋಡು ಎನ್ನುತ್ತಿದ್ದರು. ಗೋಧಿಹುಲ್ಲಿನ ಬಣ್ಣ ಬಂದು, ಕಂದಾಗಿ, ನೀಲಿಗೆ ತಿರುಗುವ ಹೊತ್ತಿಗೆ ಇಕ್ಕಳದಿಂದ ಎತ್ತಿಬಿಡುವರು. ಅವರ ಕಿವಿ ಪೂರ್ತಿ ಮಂದ. ಕಾರ್ಖಾನೆಯ ಸದ್ದು ತಿಂದುಹಾಕಿತು ಅನ್ನುತ್ತಿದ್ದರು, ಬೇಸರವಿಲ್ಲದೆ.

ಜೀಪಿನ ದಾರಿಗಳ ಪುರಾಣ ನಾನು ಮೊದಲು ಕೇಳಿದ್ದು ಆ ಕುಲುಮೆಯ ಮುಂದೆ ಕುಳಿತು. ವಿಶ್ವೇಶ್ವರಯ್ಯನವರ ಕಾಲದ ಕಾರ್ಖಾನೆಗೆ ಕಲ್ಲಿದ್ದಲು ಇರಲಿಲ್ಲ, ಹತ್ತಿರದಲ್ಲೆಲ್ಲೂ ಸಿಗುತ್ತಲೂ ಇರಲಿಲ್ಲ. ಅದಕ್ಕೇ ಅದರ ಮೊದಲ ಹೆಸರು ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. 1923ರಲ್ಲಿ ಕುಲುಮೆ ಹೊತ್ತಿದಾಗ ಅದರೊಳಗೆ ಉರಿದದ್ದು ಮಲೆನಾಡಿನ ಮರದ ಇದ್ದಿಲು. ಮರ ತರಲು ಕಾಡಿನೊಳಗೆ ಟ್ರಾಂ ಹಳಿ ಹಾಸಿದರು. ಅದಿರು ಕೆಮ್ಮಣ್ಣುಗುಂಡಿಯ ನೆತ್ತಿಯಿಂದ ಹಗ್ಗದ ತೊಟ್ಟಿಲುಗಳಲ್ಲಿ ತಣಿಗೆಬೈಲಿಗೆ ಇಳಿಯುತ್ತಿತ್ತು, ಅಲ್ಲಿಂದ ಹಳಿಯ ಮೇಲೆ ಭದ್ರಾವತಿಗೆ. ಹಳಿ ಕಿತ್ತ ಮೇಲೆ ಅಂಥ ಜಾಡುಗಳ ಮೇಲೆ ಎತ್ತಿನಗಾಡಿ ಬಂತು, ನಾಟಾ ಲಾರಿ ಬಂತು, ಕಾಗದ ಕಾರ್ಖಾನೆಯ ನೆಡುತೋಪಿನ ಟ್ರ್ಯಾಕ್ಟರು ಬಂತು, ಕೊನೆಗೆ ಜೀಪು. ಕಾಡಿನಲ್ಲಿ ಒಂದು ಜಾಡು ಅಸಹಜ ಅನ್ನುವಷ್ಟು ಹದವಾದ ಏರಿನಲ್ಲಿ, ದೊಡ್ಡ ಬಳಸು ಹೊಡೆದು ಹೋಗುತ್ತಿದ್ದರೆ ಚಿಕ್ಕಪ್ಪ, "ಇದು ಟ್ರಾಂ ದಾರಿ ಇರಬೇಕು" ಅನ್ನುತ್ತಿದ್ದರು. ಮನುಷ್ಯ ಕಾಲಿನಿಂದ ಮಾಡಿದ ದಾರಿ ನೆಟ್ಟಗೆ ಹತ್ತುತ್ತದೆ, ಆನೆಯದು ನೀರಿನ ಕಡೆಗೆ ತಿರುಗುತ್ತದೆ, ಹಳಿಯದು ಏರನ್ನು ತಪ್ಪಿಸಿಕೊಂಡು ಸುತ್ತುತ್ತದೆ. ಆ ಕಾಡುಗಳಲ್ಲಿ ನಾನು ಎಷ್ಟೋ ಓಡಾಡಿದೆ; ಯಾರೂ ಯಾವ ಕೆಲಸಕ್ಕೂ ಮಾಡದ ದಾರಿಯನ್ನು ಒಂದೂ ಕಾಣಲಿಲ್ಲ.

ಬೆಟ್ಟದ ಜೀಪು ದಾರಿ ಎಂದರೆ ನಮ್ಮ ಜಿಲ್ಲೆಯಲ್ಲಿ ಕೊಡಚಾದ್ರಿ. ಎತ್ತರ 1,343 ಮೀಟರ್. ಹಿಮಾಲಯದ ಲೆಕ್ಕದಲ್ಲಿ ಅದೇನೂ ಅಲ್ಲ, ರೋಹ್ತಾಂಗ್ ಕಣಿವೆದಾರಿಯೇ 3,978 ಮೀಟರ್. ಆದರೆ ರೋಹ್ತಾಂಗಿಗೆ ಕಾರು ಹೋಗುತ್ತದೆ. ಕೊಡಚಾದ್ರಿಯ ಕಟ್ಟಿನಹೊಳೆಯಿಂದ ಮೇಲಿನ ದಾರಿಗೆ ಜೀಪೇ ಆಗಬೇಕು. ನಮ್ಮ ಜೀಪು ಅಲ್ಲಿಗೆ ಹೋದದ್ದು ಹರಕೆ ಹೊತ್ತ ನೆಂಟರನ್ನು ಕರೆದುಕೊಂಡು. ನಿಟ್ಟೂರು ದಾಟಿ, ಸಂಪೆಕಟ್ಟೆ ದಾಟಿ, ಕಟ್ಟಿನಹೊಳೆಯಲ್ಲಿ ಒಂದು ಲೋಟ ಚಹಾ ಕುಡಿದ ಮೇಲೆ ಚಿಕ್ಕಪ್ಪ ಸ್ಟಿಯರಿಂಗನ್ನು ಅಲ್ಲಿನ ಡ್ರೈವರೊಬ್ಬನಿಗೆ ಕೊಟ್ಟು ತಾವು ಪಕ್ಕಕ್ಕೆ ಕೂತರು. ನನಗೆ ಅವಮಾನವಾದಂತಾಯಿತು, ಇಷ್ಟು ವರ್ಷ ಓಡಿಸಿದವರು! "ಈ ದಾರಿ ಅವನದ್ದು" ಅಂದರು, ಅಷ್ಟೇ.

ಆ ಹುಡುಗನ ಕೈ ನೋಡಿಯೇ ನಾನು ಬೆಟ್ಟದ ಜೀಪಿನ ವಿದ್ಯೆ ಕಲಿತೆ. ತಲೆಗಾತ್ರದ ಕಲ್ಲುಗಳು, ಮಳೆನೀರು ಕೊರೆದ ಮೊಣಕಾಲುದ್ದದ ಕೊರಕಲು. ಅವನು ಕೊರಕಲಿನೊಳಕ್ಕೆ ಚಕ್ರ ಇಳಿಸಲೇ ಇಲ್ಲ. ಒಂದು ಬದಿಯ ಚಕ್ರ ನಡುದಿಣ್ಣೆಯ ಮೇಲೆ, ಇನ್ನೊಂದು ಬದಿಯದು ದರೆಯ ಅಂಚಿನ ಮೇಲೆ. ಗಾಡಿ ವಾಲಿದಾಗ ಹಿಂದೆ ಕೂತವರೆಲ್ಲ ಮೂಕಾಂಬಿಕೆಯನ್ನು ಕೂಗಿದರು. ಅವನ ಹೆಬ್ಬೆರಳು ಸ್ಟಿಯರಿಂಗಿನ ಒಳಗೆ ಇರಲಿಲ್ಲ, ಹೊರಗೆ ಒರಗಿಸಿಕೊಂಡಿದ್ದ. ಚಕ್ರ ಕಲ್ಲಿಗೆ ಬಡಿದರೆ ಸ್ಟಿಯರಿಂಗ್ ತಟ್ಟನೆ ತಿರುಗಿ ಹೆಬ್ಬೆರಳು ಮುರಿಯುತ್ತದೆ ಎಂದು ಆಮೇಲೆ ಹೇಳಿದ. ಇಳಿಯುವಾಗ ಬ್ರೇಕು ಮುಟ್ಟಲೇ ಇಲ್ಲ. ಸಣ್ಣ ಗೇರಿನ ಒಂದನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಇಳಿಸಿತು. ಬ್ರೇಕು ಒತ್ತಿದರೆ ಚಕ್ರ ನಿಂತು ಗಾಡಿ ಜಾರುತ್ತದೆ, ತಿರುಗುವ ಚಕ್ರ ಮಾತ್ರ ದಾರಿ ಹಿಡಿಯುತ್ತದೆ. ಮೇಲೆ ಗುಡಿಯ ಮುಂದೆ ಎತ್ತರದ ಕಬ್ಬಿಣದ ಕಂಬವಿದೆ. ಪಡುವಣ ಕಡಲಿನ ಮಳೆ ನೇರವಾಗಿ ಬಡಿಯುವ ಜಾಗದಲ್ಲಿ ಅದು ನಿಂತಿರುವುದನ್ನು ನೋಡಿ ಭದ್ರಾವತಿಯ ಕುಲುಮೆಯವರಿಗೆ ಹೇಳಿದೆ. ಅವರಿಗೆ ಕೇಳಿಸಿತೋ ಇಲ್ಲವೋ, "ಹದ" ಅಂದರು.

ಓದು ಮುಗಿಸಿ ಒಂದಷ್ಟು ದಿನ ಶಿವಮೊಗ್ಗದಲ್ಲಿ ಲೆಕ್ಕಪತ್ರ ಬರೆದು, ಆಮೇಲೆ ನಾನು ಒಮಾನಿನ ಮಸ್ಕತ್ತಿಗೆ ಹೋದೆ. ಕಟ್ಟಡ ಕಟ್ಟುವವರ ಉಗ್ರಾಣ ನೋಡಿಕೊಳ್ಳುವ ಕೆಲಸ. ಅಲ್ಲಿ ಶುಕ್ರವಾರ ರಜೆ. ಮಂಗಳೂರು, ಉಡುಪಿ, ಭಟ್ಕಳದ ಗೆಳೆಯರು ಕ್ರಿಕೆಟ್ಟೋ ಯಕ್ಷಗಾನ ತಾಳಮದ್ದಳೆಯೋ ಎಂದು ಸೇರುತ್ತಿದ್ದರು. ನಾನು ಕಚೇರಿಯ ಲ್ಯಾಂಡ್ ಕ್ರೂಸರ್ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಹೋಗುತ್ತಿದ್ದೆ. ಮಲೆನಾಡಿನ ಜೀಪು ಗೊತ್ತಿದೆ ಎಂಬ ಜಂಬ ಇತ್ತು. ಶರ್ಕಿಯಾ ಮರಳುಗಾಡು ಒಂದೇ ಬೆಳಗ್ಗೆ ಅದನ್ನು ಇಳಿಸಿತು.

ಮಸ್ಕತ್ತಿನಿಂದ ಸೂರ್ ರಸ್ತೆಯಲ್ಲಿ ಬಿದಿಯಾ ಎಂಬ ಊರು. ಖರ್ಜೂರದ ತೋಟ ಮುಗಿದಲ್ಲಿಂದ ನೇರವಾಗಿ ಮರಳು ಎದ್ದು ನಿಲ್ಲುತ್ತದೆ. ಸುಮಾರು 12,500 ಚದರ ಕಿಲೋಮೀಟರ್ ಹರಡಿರುವ ಆ ಮರಳನ್ನು ಹಳಬರು ವಹೀಬಾ ಮರಳು ಎನ್ನುತ್ತಿದ್ದರು, ಅಲ್ಲಿನ ಬುಡಕಟ್ಟಿನ ಹೆಸರಿನಿಂದ. ಊರಂಚಿನ ಪಂಕ್ಚರ್ ಅಂಗಡಿಯ ಹುಡುಗ ನಮ್ಮ ಟಯರುಗಳ ಗಾಳಿಯನ್ನು ಬುಸ್ಸೆಂದು ಬಿಡಲು ಶುರುಮಾಡಿದ. 35 ಇದ್ದದ್ದನ್ನು 15ಕ್ಕೆ ತಂದು ನಿಲ್ಲಿಸಿದ. ಟಯರು ಪಕ್ಕಕ್ಕೆ ಉಬ್ಬಿ, ನೆಲಕ್ಕೆ ಅಂಟಿದ ಭಾಗ ಉದ್ದವಾಯಿತು. ಮರಳಿನ ಅಡಿಯಲ್ಲಿ ಗಟ್ಟಿ ನೆಲವಿಲ್ಲ; ಸೀಳಿಕೊಂಡು ಇಳಿದರೆ ಇಳಿಯುತ್ತಲೇ ಇರುತ್ತದೆ. ಅಲ್ಲಿ ತೇಲಬೇಕು, ಒಂಟೆಯ ಪಾದದ ಹಾಗೆ ಅಗಲವಾಗಿ ಊರಬೇಕು. ನಮ್ಮ ಕೊರಕಲಿನ ದಾರಿಯಲ್ಲಿ ನಿಂತು ನಿಂತು ಹತ್ತುವುದು ಜಾಣತನ, ಇಲ್ಲಿ ಏರಿನ ನಡುವೆ ನಿಂತರೆ ಮುಗಿಯಿತು. ನಮ್ಮಲ್ಲಿ ಓರೆಯಾಗಿ ಹೋಗಿ ಏರನ್ನು ತಗ್ಗಿಸಿಕೊಳ್ಳುತ್ತೇವೆ, ಇಲ್ಲಿ ಓರೆಯಾದರೆ ಗಾಡಿ ಉರುಳುತ್ತದೆ. ಹತ್ತಿದರೂ ನೆಟ್ಟಗೆ, ಇಳಿದರೂ ನೆಟ್ಟಗೆ.

ನಮ್ಮನ್ನು ಕರೆದೊಯ್ದ ಬೆದುವಿನ್ ಮುದುಕ ಬಿಳಿ ಪಿಕಪ್ಪಿನಲ್ಲಿ ಮುಂದೆ ಹೋಗುತ್ತಿದ್ದ. ಒಂದು ದಿಬ್ಬದ ಬುಡದಲ್ಲಿ ಗಾಡಿ ನಿಲ್ಲಿಸಿ ಇಳಿದ. ಚಪ್ಪಲಿ ಬಿಟ್ಟು, ದಿಬ್ಬದ ನೆತ್ತಿಯ ತನಕ ಬರಿಗಾಲಲ್ಲಿ ನಡೆದು ಆಚೆಗೆ ಇಣುಕಿ ನೋಡಿ, ಬೇರೆ ಕಡೆಯಿಂದ ಇಳಿದು ಬಂದ. ಗಾಳಿ ಬೀಸಿ ಬರುವ ಕಡೆಯ ಇಳಿಜಾರು ಉದ್ದ, ಮರಳು ಒತ್ತಿ ಕೂತಿರುತ್ತದೆ. ಆಚೆ ಬದಿ ಕಡಿದು, ಮರಳು ಸಡಿಲ. ಗಾಳಿ ದಿಕ್ಕು ಬದಲಿಸಿದರೆ ನಿನ್ನೆ ಇಳಿದ ಕಡೆ ಇವತ್ತು ಗೋಡೆ ಇರಬಹುದು. ಬೆಳಗಿನ ತಂಪಿಗೆ ಮರಳು ಗಟ್ಟಿ, ಮಧ್ಯಾಹ್ನಕ್ಕೆ ಅದೇ ದಿಬ್ಬ ಚಕ್ರವನ್ನು ನುಂಗುತ್ತದೆ. ಇಷ್ಟನ್ನೂ ಆತ ಹೇಳಿದ್ದು ನಾಲ್ಕು ಅರಬ್ಬಿ ಮಾತು ಮತ್ತು ಕೈಸನ್ನೆಯಲ್ಲಿ. ಪಂಚೆ ಎತ್ತಿಕಟ್ಟಿ ಹಳ್ಳಕ್ಕೆ ಇಳಿಯುತ್ತಿದ್ದ ಚಿಕ್ಕಪ್ಪನೂ ಈ ಮುದುಕನೂ ಎದುರುಬದುರು ಕೂತಿದ್ದರೆ ಭಾಷೆ ಬೇಕಾಗುತ್ತಿರಲಿಲ್ಲ ಅನ್ನಿಸಿತು. ನಮ್ಮ ಗುಂಪಿನವನೊಬ್ಬ ಸಾಹಸ ಮಾಡಲು ಹೋಗಿ ಗಾಡಿಯನ್ನು ಹೊಟ್ಟೆಯ ತನಕ ಹೂತ. ಆಕ್ಸಿಲರೇಟರ್ ಒತ್ತಿದಷ್ಟೂ ಇಳಿಯಿತು. ಮುದುಕ ಕೈಯಿಂದಲೇ ಚಕ್ರದ ಹಿಂದಿನ ಮರಳು ತೋಡಿ, ಬಂದ ಜಾಡಿನಲ್ಲೇ ಹಿಂದಕ್ಕೆ ತೆಗೆಸಿದ. ತಾನು ಮಾಡಿದ ಜಾಡು ಅಷ್ಟೊತ್ತಿಗಾಗಲೇ ಒತ್ತಿ ಗಟ್ಟಿಯಾಗಿರುತ್ತದಲ್ಲ.

ಆ ದೇಶದ ಬೆಟ್ಟದ ದಾರಿಗಳಲ್ಲಿ ನನಗೆ ಮರೆಯಲಾಗದ್ದು ವಾದಿ ಬನೀ ಔಫ್ ಕಣಿವೆಯದು. ಅಲ್ ಹಮ್ರಾ ಊರಿನಿಂದ ಹಜರ್ ಪರ್ವತದ ಏಣಿನ ಮೇಲಕ್ಕೆ ಆಗ ಡಾಂಬರು ಹತ್ತುತ್ತಿತ್ತು, ಸುಮಾರು 2,000 ಮೀಟರ್ ಎತ್ತರದಲ್ಲಿ ಡಾಂಬರು ಮುಗಿದು, ಬಂಡೆಯ ಪಕ್ಕೆಯಲ್ಲಿ ಒಂದೇ ಗಾಡಿ ಹಿಡಿಸುವ ಕಲ್ಲುದಾರಿ ಕಣಿವೆಗೆ ಬೀಳುತ್ತಿತ್ತು. ಹಸಿರೆಂಬುದು ಇಲ್ಲವೇ ಇಲ್ಲ. ಆಗುಂಬೆಯ ಮಳೆಯ ನೆರಳಿನಲ್ಲಿ ಬೆಳೆದ ಕಣ್ಣಿಗೆ ಆ ಬೋಳು ಬೆಟ್ಟ ಮೊದಲು ಹೆದರಿಕೆ ಹುಟ್ಟಿಸಿತು. ಇಳಿಯುತ್ತ ಇಳಿಯುತ್ತ ಒಂದು ತಿರುವಿನಲ್ಲಿ ಬಿಲಾದ್ ಸೈತ್ ಕಂಡಿತು. ಬಂಡೆಗೆ ಅಂಟಿಸಿದ ಮಣ್ಣಿನ ಮನೆಗಳು, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಖರ್ಜೂರ, ಸೊಪ್ಪು, ಜಾನುವಾರಿನ ಮೇವು. ನೀರು ಬೆಟ್ಟದ ಒಡಲಿನಿಂದ ಫಲಜ್ ಎಂಬ ಕಾಲುವೆಯಲ್ಲಿ ಬರುತ್ತದೆ, ಸರದಿ ಪ್ರಕಾರ ಗದ್ದೆಗದ್ದೆಗೆ ಹಂಚಿಕೆ. ಒಮಾನಿನ ಇಂಥ ಕಾಲುವೆಗಳಲ್ಲಿ ಐದನ್ನು ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗಾಜನೂರಿನ ತುಂಗಾ ನಾಲೆಯ ನೀರಿಗಾಗಿ, ಅದನ್ನು ಹಂಚುವ ಸೌಡಿಯ ಜೊತೆ ಜಗಳವಾಡುವವರನ್ನು ನೋಡಿ ಬೆಳೆದವನಿಗೆ ಆ ಸರದಿ ತಕ್ಷಣ ಅರ್ಥವಾಯಿತು.

ಆ ದಾರಿಯನ್ನು ನಮ್ಮಂಥ ಶುಕ್ರವಾರದವರಿಗೆಂದು ಯಾರೂ ಕಡಿದಿರಲಿಲ್ಲ. ಎದುರಿಗೆ ಶಾಲೆ ಮಕ್ಕಳನ್ನು ತುಂಬಿಕೊಂಡ ಗಾಡಿ ಬಂತು. ಕಡಿದಾದ ಕಡೆ ನಾವೇ ಹಿಂದಕ್ಕೆ ಹೋಗಿ ಜಾಗ ಬಿಟ್ಟೆವು. ವಾದಿಯಲ್ಲಿ, ಅಂದರೆ ಕಣಿವೆಯ ಹಳ್ಳದಲ್ಲಿ, ನೀರು ಹರಿಯುತ್ತಿದ್ದರೆ ಅಲ್ಲಿ ಗಾಡಿ ಇಳಿಸುವುದು ಕಾನೂನು ಪ್ರಕಾರವೇ ಅಪರಾಧ, ದಂಡವಷ್ಟೇ ಅಲ್ಲ ಜೈಲೂ ಆಗಬಹುದು. ಒಣಗಿದ ಕಣಿವೆಗೆ ಎಲ್ಲೋ ಮೇಲೆ ಬಿದ್ದ ಮಳೆ ಗೋಡೆಯಂತೆ ಬಂದು ಗಾಡಿಗಳನ್ನು ಕೊಚ್ಚಿಕೊಂಡು ಹೋದದ್ದನ್ನು ಆ ದೇಶ ಬಹಳ ಸಲ ನೋಡಿದೆ. ಅಲ್ ಜಬಲ್ ಅಲ್ ಅಖ್ದರ್ ಬೆಟ್ಟಕ್ಕೆ ಈಗ ಒಳ್ಳೆ ಡಾಂಬರು ರಸ್ತೆ ಇದೆ, ಆದರೂ ಬುಡದ ಬಿರ್ಕತ್ ಅಲ್ ಮೌಜಿನಲ್ಲಿ ಪೊಲೀಸರು ನಾಲ್ಕೂ ಚಕ್ರಕ್ಕೆ ಬಲವಿರುವ ಗಾಡಿಯನ್ನು ಮಾತ್ರ ಬಿಡುತ್ತಾರೆ. ಇಳಿಜಾರಿನಲ್ಲಿ ಬ್ರೇಕು ಕಾದು ಕೈಕೊಡುತ್ತದೆ ಎಂಬ ಕಾರಣ. ಸಣ್ಣ ಗೇರಿನ ಬೆಲೆ ಗೊತ್ತಿದ್ದ ನನಗೆ ಆ ನಿಯಮ ಬಲು ಇಷ್ಟವಾಯಿತು.

ಊರಿಗೆ ವಾಪಸಾದಾಗ ಚಿಕ್ಕಪ್ಪನ ಜೀಪು ಇರಲಿಲ್ಲ, ಗುಜರಿಗೆ ಹೋಗಿತ್ತು. ಚಿಕ್ಕಪ್ಪನೂ ಇರಲಿಲ್ಲ. ಭದ್ರಾವತಿಯ ಕಾಗದ ಕಾರ್ಖಾನೆ ನಿಂತಿತ್ತು, ಕಬ್ಬಿಣದ ಕಾರ್ಖಾನೆ ಕುಂಟುತ್ತಿತ್ತು. ಬದಲಿಗೆ ರಸ್ತೆಯ ತುಂಬ ಹೊಸ ಜೀಪುಗಳು. 2020ರ ಅಕ್ಟೋಬರಿನಲ್ಲಿ ಹೊಸ ಥಾರ್ ಬಂದ ಮೇಲಂತೂ ಶನಿವಾರ ಬೆಳಗ್ಗೆ ನಮ್ಮೂರಿನ ಹೆದ್ದಾರಿಯಲ್ಲಿ ಸಾಲುಸಾಲು. ರಾಜಸ್ಥಾನದ ಮರಳುಗಾಡಿನ ಹೆಸರಿಟ್ಟ ಗಾಡಿ ಉಂಬಳದ ನಾಡಿಗೆ ಬರುವುದರಲ್ಲಿ ನನಗೇನೂ ತಕರಾರಿಲ್ಲ. ಗಾಡಿ ಚೆನ್ನಾಗಿದೆ. ಓಡಿಸಿ ನೋಡಿದ್ದೇನೆ, ಚಿಕ್ಕಪ್ಪ ಇದ್ದಿದ್ದರೆ ಸೀಟಿನ ಮೆತ್ತೆಯನ್ನೇ ಬಹಳ ಹೊತ್ತು ಮುಟ್ಟಿ ನೋಡುತ್ತಿದ್ದರು. ಸಕಲೇಶಪುರದ ಕಡೆ ತೋಟದವರು ತಮ್ಮ ಜಾಗದಲ್ಲೇ ಕೆಸರು ಹೊಂಡ ಮಾಡಿ ಜೀಪು ಪಂದ್ಯ ನಡೆಸುತ್ತಾರೆ, ಅದನ್ನು ನೋಡಲು ನನಗೂ ಖುಷಿ. ಹೆಂಗಸರೂ ಈಗ ಅಲ್ಲಿ ಓಡಿಸುತ್ತಾರೆ, ಗಂಡಸರಿಗಿಂತ ಕಾಲು ಹಗುರ.

ನನ್ನ ಸಿಟ್ಟು ಬೇರೆ ಕಡೆಗೆ. ಮಳೆ ಬಿಟ್ಟ ಮರುವಾರ ಬೆಟ್ಟದ ನೆತ್ತಿಯ ಹುಲ್ಲುಗಾವಲಿಗೆ ಗಾಡಿ ಹತ್ತಿಸಿ ಚಕ್ರ ತಿರುಗಿಸಿ ವೀಡಿಯೊ ತೆಗೆಯುವವರಿದ್ದಾರಲ್ಲ, ಅವರ ಮೇಲೆ. ಆ ಹುಲ್ಲಿನ ಕೆಳಗೆ ಮಣ್ಣು ಗೇಣುದ್ದವೂ ಇರುವುದಿಲ್ಲ. ಟಯರು ಒಮ್ಮೆ ಹುಲ್ಲು ಕಿತ್ತರೆ ಮುಂದಿನ ಮಳೆ ಅದೇ ಗೀರನ್ನು ಹಿಡಿದು ಕೊರೆಯುತ್ತದೆ, ಎರಡು ಮಳೆಗಾಲಕ್ಕೆ ಅದು ಚರಂಡಿ. ನೀರು ಇಂಗಬೇಕಾದ ಜಾಗದಿಂದ ನೀರು ಓಡಿಹೋಗುತ್ತದೆ, ಕೆಳಗಿನ ತೋಟದ ಹಳ್ಳ ಬೇಸಿಗೆಗೆ ಮುಂಚೆಯೇ ಒಣಗುತ್ತದೆ. ಶೆಟ್ಟಿಹಳ್ಳಿ ಕಾಡಿನೊಳಕ್ಕೆ ರಾತ್ರಿ ಹೊತ್ತು ದೀಪ ಹಾಕಿಕೊಂಡು ನುಗ್ಗುವವರೂ ಇದ್ದಾರೆ. ಅನುಮತಿಯಿಲ್ಲದೆ ಅಭಯಾರಣ್ಯಕ್ಕೆ ಹೋಗುವುದು 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ಅಲ್ಲೇ ವಾಸವಿರುವ ಮುಳುಗಡೆಯ ಮನುಷ್ಯ ತನ್ನ ಮನೆಗೆ ಒಂದು ಲೋಡು ಜಲ್ಲಿ ಹಾಕಿಸಲು ವರ್ಷಗಟ್ಟಲೆ ಅರ್ಜಿ ಹಿಡಿದು ಓಡಾಡುತ್ತಾನೆ. ಅವನ ದಾರಿಯ ಕೆಸರು ಇವರಿಗೆ ವಾರಾಂತ್ಯದ ಆಟದ ಬಯಲು. ಒಂದು ಗಂಟೆ ಇವರು ಆಡಿ ಹೋದ ಮೇಲೆ ಆ ದಾರಿಯಲ್ಲಿ ಹಾಲಿನ ಕ್ಯಾನಿನ ಬೈಕೂ ಹೋಗುವುದಿಲ್ಲ.

ಹೊಸ ಜೀಪು ಕೊಂಡವರು ನನ್ನ ಹತ್ತಿರವೂ ಬಂದು ದಾರಿ ಕೇಳುತ್ತಾರೆ. ಎಲ್ಲರಿಗೂ ಒಂದೇ ಮಾತು ಹೇಳುತ್ತೇನೆ. ಗಾಡಿ ಪರೀಕ್ಷಿಸಬೇಕಾದರೆ ಯಾರದಾದರೂ ತೋಟವನ್ನು ಕೇಳಿಕೊಂಡು ಹೋಗಿ, ಹಾಳುಮಾಡಿದ ದಾರಿಗೆ ಕಲ್ಲುಮಣ್ಣು ಹಾಕಿಸಿ ಬನ್ನಿ. ಬೆಟ್ಟ ನೋಡಬೇಕಾದರೆ ಕೊಡಚಾದ್ರಿಗೆ ಹೋಗಿ, ಆದರೆ ನಿಮ್ಮ ಗಾಡಿಯನ್ನು ಕಟ್ಟಿನಹೊಳೆಯಲ್ಲೇ ಬಿಟ್ಟು ಅಲ್ಲಿನವರ ಜೀಪು ಹತ್ತಿ. ಬಾಡಿಗೆ ಎಷ್ಟೆಂದು ಹತ್ತುವ ಮೊದಲೇ ಕೇಳಿಕೊಳ್ಳಿ. ಮಳೆಗಾಲದಲ್ಲಿ ಆ ಡ್ರೈವರು ಇಳಿದು ನೋಡಿ ಬಂದು ಇವತ್ತು ಬೇಡ ಅಂದರೆ ವಾದ ಮಾಡದೆ ವಾಪಸು ಬನ್ನಿ.